ಮಾದಪ್ಪನ ಗುಡ್ಡರ ಕಂಚಿನ ಮೇಳ

ಮೈಸೂರಿನ ಜಂಬೂಸವಾರಿಯಲ್ಲಿ ಕಂಸಾಳೆಯವರು ನಮ್ಮ ಕಣ್ಣೆದುರು ಇರುವುದು ಹೆಚ್ಚೆಂದರೆ ಐದು ನಿಮಿಷ. ಅಷ್ಟರಲ್ಲೇ ಒಬ್ಬ ಇನ್ನೊಬ್ಬನ ಹೆಗಲೇರಿ ನಿಂತಿರುತ್ತಾನೆ, ಮತ್ತೊಬ್ಬ ನಡುರಸ್ತೆಯಲ್ಲಿ ಅಂಗಾತ ಮಲಗಿ ಎರಡೂ ಕಡೆಯವರ ತಾಳಕ್ಕೆ ತಾಳ ಕೊಡುತ್ತಿರುತ್ತಾನೆ, ಜನ ಶಿಳ್ಳೆ ಹೊಡೆಯುತ್ತಿರುತ್ತಾರೆ. ಅಷ್ಟು ಹೊತ್ತಿಗೆ ಹಿಂದಿನ ಸ್ತಬ್ಧಚಿತ್ರ ಬಂದು ಮೇಳವನ್ನು ಮುಂದಕ್ಕೆ ತಳ್ಳುತ್ತದೆ. ಪೇಟೆಯವರಿಗೆ ಕಂಸಾಳೆ ಎಂದರೆ ಇಷ್ಟೇ. ನಂಜನಗೂಡು, ತಿ. ನರಸೀಪುರ ಸೀಮೆಯ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಇದು ಊಟಕ್ಕೆ ಮೊದಲಿನ ಉಪ್ಪಿನಕಾಯಿ ಎಂದು ಗೊತ್ತು. ಊಟ ಇರುವುದು ರಾತ್ರಿಯಲ್ಲಿ.

ಮೊದಲು ವಾದ್ಯದ ಮಾತು. ಕಂಸಾಳೆ ಎರಡು ಭಾಗದ ಕಂಚಿನ ತಾಳ. ಎಡ ಅಂಗೈಯಲ್ಲಿ ಕೂರುವುದು ಬಟ್ಟಲು. ಬಲಗೈಯದು ಚಪ್ಪಟೆ ತಾಳ. ಅದರ ನಡುವಿನಿಂದ ಹೊರಟ ದಾರದ ತುದಿಗೆ ಗೊಂಡೆ ತೂಗುತ್ತದೆ. ದಾರ ಹಿಡಿದು ತಾಳವನ್ನು ಬೀಸಿ ಬಟ್ಟಲಿಗೆ ಬಡಿದರೆ ಒಂದು ಸದ್ದು, ಅಂಚಿಗೆ ಸವರಿದರೆ ಇನ್ನೊಂದು, ಬಡಿದು ಒತ್ತಿ ಹಿಡಿದರೆ ಮೂರನೆಯದು. ಕುಣಿಯುತ್ತ ನುಡಿಸುವ ಬೀಸು ಕಂಸಾಳೆಯ ಕೌಶಲ ಇರುವುದು ಇದನ್ನೂ ಮೀರಿ: ನನ್ನ ಬಲಗೈಯ ತಾಳ ಬೀಳುವುದು ನನ್ನ ಬಟ್ಟಲಿಗೇ ಎಂದಿಲ್ಲ, ಪಕ್ಕದವನ ಬಟ್ಟಲಿಗೆ, ಕೂತವನ ಬಟ್ಟಲಿಗೆ, ಬೆನ್ನ ಹಿಂದೆ ಬಂದು ನಿಂತವನ ಬಟ್ಟಲಿಗೆ. ಒಬ್ಬ ಅರೆಗಳಿಗೆ ತಪ್ಪಿದರೆ ಕಂಚು ಬೀಳುವುದು ಮೊಣಕೈಗೆ. ಕುಸ್ತಿಯ ಪಟ್ಟಿನ ಹಾಗೆ ಇದರ ವರಸೆಗಳನ್ನೂ ಚಿಕ್ಕಂದಿನಲ್ಲೇ ಹಿಡಿದರೆ ಒಳ್ಳೆಯದು. ಹೀಗೆ ಏಳುವ ನಾದ ಯಾರೊಬ್ಬರದೂ ಅಲ್ಲ, ಇಡೀ ಸಾಲಿನದು.

ಕಂಚಿನ ಮೇಳ ಎಂದರೆ ಹೊರಗಿನ ಲೋಕಕ್ಕೆ ನೆನಪಾಗುವುದು ಇಂಡೋನೇಷ್ಯಾದ ಗಮೆಲಾನ್. ಬಾಲಿ ದ್ವೀಪದಲ್ಲಿ ಅದು ಊರೊಟ್ಟಿನ ಆಸ್ತಿ. ಹಗಲು ಗದ್ದೆಯಲ್ಲಿ ದುಡಿದವರೇ ರಾತ್ರಿ ಸುತ್ತಿಗೆ ಹಿಡಿದು ಕೂರುತ್ತಾರೆ, ದೇವಸ್ಥಾನದ ಉತ್ಸವಕ್ಕೆ ನುಡಿಸುತ್ತಾರೆ. ಒಂದೇ ಸ್ವರಸಾಲನ್ನು ಇಬ್ಬರು ಹಂಚಿಕೊಂಡು, ಒಬ್ಬ ಬಿಟ್ಟ ಜಾಗವನ್ನು ಮತ್ತೊಬ್ಬ ತುಂಬುತ್ತ ಹೋಗುವುದು ಅವರ ವೈಖರಿ. ಪಕ್ಕದವನ ಬಟ್ಟಲಿಗೆ ತಾಳ ಕೊಡುವ ನಮ್ಮ ಕಂಸಾಳೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ 1979ರಲ್ಲಿ ಗಮೆಲಾನ್ ಸೇಕರ್ ಜಯ ಎಂಬ ಮೇಳ ಶುರುವಾಯಿತು. ಕಟ್ಟಿದ ಮೂವರಲ್ಲಿ ಇಬ್ಬರು ಅಮೆರಿಕದವರು, ಒಬ್ಬರು ಬಾಲಿಯ ಗುರು. ನುಡಿಸುವವರು ಆ ಊರಿನ ಸಾಮಾನ್ಯ ಜನ. ಅವರು ವಾದ್ಯ ತರಿಸಿಕೊಂಡು ಸುಮ್ಮನಾಗಲಿಲ್ಲ. ಬಾಲಿಯಿಂದ ಗುರುಗಳನ್ನು ಕರೆಸಿ ಇರಿಸಿಕೊಂಡು ಅವರಿಂದಲೇ ವಾದನವನ್ನೂ ನೃತ್ಯವನ್ನೂ ಕಲಿಯುತ್ತ ಬಂದರು. ಗಮೆಲಾನನ್ನು ಯುನೆಸ್ಕೊ 2021ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಂಸಾಳೆಗೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲ. ಸಿಗದಿದ್ದರೂ ನಷ್ಟವಿಲ್ಲ ಅನ್ನಿಸುತ್ತದೆ ನನಗೆ, ಕೇಳುವವರು ಸಿಕ್ಕರೆ ಸಾಕು.

ಕಂಸಾಳೆ ಹಿಡಿಯುವವನು ದೇವರಗುಡ್ಡ. ಮಲೆ ಮಹದೇಶ್ವರನ, ಅಂದರೆ ನಮ್ಮ ಕಡೆಯವರ ಮಾದಪ್ಪನ, ಹರಕೆಯ ಮಗ. ಮಕ್ಕಳಾಗದವರು ಮಾದಪ್ಪನಿಗೆ ಹರಕೆ ಹೊತ್ತು ಹುಟ್ಟಿದ ಗಂಡುಮಗುವನ್ನು ಗುಡ್ಡನಾಗಿ ಬಿಡುವುದುಂಟು. ಮನೆತನದಿಂದ ಬಂದ ಗುಡ್ಡತನವೂ ಉಂಟು. ಇವರಲ್ಲಿ ಹೆಚ್ಚಿನವರು ಹಾಲುಮತದ ಕುರುಬರು, ಬೇರೆ ಜಾತಿಯವರೂ ಇದ್ದಾರೆ. ಗುರುವಿನಿಂದ ದೀಕ್ಷೆ ಪಡೆದ ಮೇಲೆ ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಕೈಗೆ ಬೆತ್ತ ಮತ್ತು ಕಂಸಾಳೆ. ಉಳಿದ ದಿನ ಹೊಲವೋ ಕೂಲಿಯೋ ಕುರಿಯೋ. ಮಾದಪ್ಪನ ದಿನ ಬಂದಾಗ ಭಿಕ್ಷೆಗೆ ಹೊರಡಬೇಕು, ಒಕ್ಕಲಿನ ಮನೆಗಳಲ್ಲಿ ಪರ ಎಂಬ ಅನ್ನದಾನದ ಸೇವೆ ನಡೆದರೆ ಹಾಡಬೇಕು, ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗೆ ಬೆಟ್ಟ ಹತ್ತಬೇಕು. ಬೆಟ್ಟ ಇರುವುದು ಈಗಿನ ಹನೂರು ತಾಲ್ಲೂಕಿನಲ್ಲಿ. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಗಿ ಮಾದಪ್ಪ ಅತ್ತ ಹೋದ, ನಂಜನಗೂಡು, ನರಸೀಪುರ ಮೈಸೂರಿಗೇ ಉಳಿದವು. ‘ಉಘೇ ಮಾದಪ್ಪ’ ಎನ್ನುತ್ತ ಕಾಲುನಡಿಗೆಯಲ್ಲಿ ಹೊರಡುವ ಪರುಷೆಯವರಿಗೆ ಆ ಗಡಿ ಲೆಕ್ಕಕ್ಕೇ ಬಂದಿಲ್ಲ.

ಈಗ ರಾತ್ರಿಯ ಮಾತು. ಕುಣಿಯುವ ಮೇಳ ಬೇರೆ, ಕೂತು ಹಾಡುವ ಮೇಳ ಬೇರೆ. ಕೂತು ಹಾಡುವಲ್ಲಿ ಒಬ್ಬ ಮುಮ್ಮೇಳದವನು ಕಂಸಾಳೆ ಹಿಡಿದು ಮಾದಪ್ಪನ ಕತೆ ಹೇಳುತ್ತಾನೆ, ಹಿಮ್ಮೇಳದವರು ದಮ್ಮಡಿ ಬಡಿಯುತ್ತ ಸೊಲ್ಲು ಕೊಡುತ್ತಾರೆ. ಹಾಡು ನಿಂತು ಮಾತು, ಮಾತು ಉಬ್ಬಿ ಹಾಡು. ಕುಣಿತದಲ್ಲಿ ಅಷ್ಟು ಅಬ್ಬರಿಸುವ ಕಂಚು ಇಲ್ಲಿ ಕತೆಗಾರನ ಉಸಿರಿಗೆ ತಕ್ಕಷ್ಟೇ ನುಡಿಯುತ್ತದೆ. ಕತೆಯ ಒಂದೊಂದು ಖಂಡಕ್ಕೆ ಸಾಲು ಎಂದು ಹೆಸರು: ಶ್ರವಣನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ. ಒಂದು ಸಾಲಿಗೆ ಒಂದು ರಾತ್ರಿ ಸಾಲದೆ ಹೋಗುವುದೂ ಉಂಟು.

ಹೆಂಗಸರು ಕೇಳಿ ಹಾಡಿಸಿಕೊಳ್ಳುವುದು ಸಂಕಮ್ಮನ ಸಾಲನ್ನು. ಗಂಡ ನೀಲೇಗೌಡ ಕಾಡಿಗೆ ಜೇನು ಕೊಯ್ಯಲು ಹೊರಡುವವನು, ಬರುವ ತನಕ ಶೀಲವಾಗಿರುತ್ತೇನೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಎಂಬುದು ಅವಳ ಹಟ. ಅದಕ್ಕೆ ಅವನು ಕೊಡುವ ಹಿಂಸೆಯನ್ನು ಕತೆಗಾರ ಬಿಡಿಸಿ ಹೇಳುವಾಗ ಕಂಸಾಳೆ ಬಹುಪಾಲು ಸುಮ್ಮನಿರುತ್ತದೆ. ಕೊನೆಗೆ ಮಾದಪ್ಪ ಬಂದು ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳನ್ನು ಕೊಡುತ್ತಾನೆ. ಹೆಣ್ಣಿನ ಪರವಾಗಿ ಇಷ್ಟು ನೇರ ನಿಂತ ಹಾಡು ನಮ್ಮ ಬರಹದ ಸಾಹಿತ್ಯದಲ್ಲಿ ಎಷ್ಟಿವೆ?

ಮಾದಪ್ಪನ ಕತೆಯಲ್ಲಿ ನಂಜನಗೂಡು ತಾಲ್ಲೂಕಿಗೂ ಪಾಲಿದೆ. ಮಾದಪ್ಪ ಏಳುಮಲೆಗೆ ಹೋಗುವ ಮುನ್ನ ಕಪಿಲೆಯ ದಡದ ಸುತ್ತೂರು ಮಠಕ್ಕೆ ಬರುತ್ತಾನೆ, ಅಲ್ಲಿ ಅವನನ್ನು ರಾಗಿ ಬೀಸಲು ಹಚ್ಚುತ್ತಾರೆ. ಆಮೇಲೆ ಕುಂತೂರು ಮಠ, ಆಮೇಲೆ ಕಾಡು. ದೇವರನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿದ ಕವಿ ಬೇರೆಲ್ಲೂ ಅಲ್ಲ, ರಾಗಿ ಬೀಸಿ ಉಂಡವರ ನಡುವೆಯೇ ಹುಟ್ಟಿರಬೇಕು.

ಬರಹಕ್ಕೆ ಈ ಕತೆ ಬಂದದ್ದು ತಡವಾಗಿ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ ಪ್ರಕಟವಾದದ್ದು 1973ರಲ್ಲಿ. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ದಾಖಲಿಸಿದರು, ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೆ ತಂದರು. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಕಾದಂಬರಿಯನ್ನು ಬಾಯಿಬಿಟ್ಟು ಓದಿ ನೋಡಿ, ರಾತ್ರಿಯ ಕತೆಗಾರನ ಉಸಿರು ಅಲ್ಲಿ ಕೇಳುತ್ತದೆ. ಸಿನಿಮಾದವರೂ ಬಿಡಲಿಲ್ಲ. ‘ಜನುಮದ ಜೋಡಿ’ಯಲ್ಲಿ ಮಾದಪ್ಪನ ಪದ ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು, ಹಾಡು ಆಟೋ ಸ್ಟ್ಯಾಂಡಿನವರೆಗೂ ಹೋಯಿತು.

ಬೀಸು ಕಂಸಾಳೆ ಸಾಯುತ್ತಿದೆ ಎಂದು ಅಳುವವರನ್ನು ನಾನು ನಂಬುವುದಿಲ್ಲ. ಶಾಲಾ ವಾರ್ಷಿಕೋತ್ಸವಗಳಲ್ಲಿ, ಕಾಲೇಜು ತಂಡಗಳಲ್ಲಿ ಅದು ಚೆನ್ನಾಗಿಯೇ ಇದೆ. ಒಂದು ಕಾಲಕ್ಕೆ ಗಂಡಸರದ್ದೇ ಆಗಿದ್ದ ಕುಣಿತಕ್ಕೆ ಹುಡುಗಿಯರು ಬಂದಿದ್ದಾರೆ, ಅದು ಒಳ್ಳೆಯದೇ ಆಯಿತು. ಸೊರಗುತ್ತಿರುವುದು ಕೂತು ಹಾಡುವ ಮೇಳ. ವರಸೆಗಳನ್ನು ತಿಂಗಳುಗಳಲ್ಲಿ ಕಲಿಸಬಹುದು. ಸಾವಿರಾರು ಪಂಕ್ತಿಗಳ ಕತೆ ಬಾಯಿಗೆ ಬರುವುದಕ್ಕೆ ಗುರುವಿನ ಹಿಂದೆ ಸೊಲ್ಲು ಕೊಡುತ್ತ ವರ್ಷಗಟ್ಟಲೆ ರಾತ್ರಿ ಕಳೆಯಬೇಕು, ಆ ರಾತ್ರಿಗಳೇ ಈಗ ಕಡಿಮೆಯಾಗಿವೆ. ಬರ್ಕ್ಲಿಯವರು ಸಾಗರದಾಚೆಯಿಂದ ಗುರುವನ್ನು ಕರೆಸಿಕೊಂಡರು. ನಮಗೆ ಗುರು ಪಕ್ಕದೂರಿನಲ್ಲೇ ಇದ್ದಾರೆ, ಬಸ್ ಚಾರ್ಜು ಸಾಕು.

ಊರ ಹಬ್ಬಕ್ಕೋ ಸಂಘದ ವಾರ್ಷಿಕೋತ್ಸವಕ್ಕೋ ಕಂಸಾಳೆಯವರನ್ನು ಕರೆಸುವುದಿದ್ದರೆ, ಕುಣಿತ ಮುಗಿದ ಮೇಲೆ ಶಾಲು ಹೊದಿಸಿ ಕಳಿಸಬೇಡಿ. ಒಂದು ಜಮಖಾನೆ ಹಾಸಿ, ಸಂಕಮ್ಮನ ಸಾಲನ್ನಾದರೂ ಬೆಳಗಾಗುವ ತನಕ ಪೂರ್ತಿ ಹಾಡಿಸಿ. ಸಂಭಾವನೆಯನ್ನೂ ಇಡೀ ರಾತ್ರಿಯ ಲೆಕ್ಕದಲ್ಲೇ ಕೊಡಿ.