ಹಳೆಯ ಕಾರು ಮತ್ತು ಓಮನ ನಿಯಮ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ೧೯೫೦ರ ದಶಕದ ಕೊನೆಯಿಂದ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಉತ್ಪಾದನೆ ೨೦೧೪ರಲ್ಲಿ ನಿಂತುಹೋಯಿತು. ಆದರೂ ಆ ಕಾರನ್ನು ಇಂದಿಗೂ ಜತನದಿಂದ ಉಳಿಸಿಕೊಂಡು ಬಂದಿರುವ ಮನೆಗಳು ನಮ್ಮ ಊರುಗಳಲ್ಲಿವೆ. ಇಂತಹ ಕಾರು ಒಂದು ಬೆಳಗ್ಗೆ ಹೊರಡಲೊಲ್ಲದೆ ನಿಂತಾಗ ಮೊದಲು ಕೇಳಿಬರುವ ಮಾತು, “ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ” ಎಂಬುದು. ಹೊಸ ಬ್ಯಾಟರಿ ಬರುತ್ತದೆ. ಕೆಲವು ದಿನ ಕಳೆಯುವಷ್ಟರಲ್ಲಿ ಹಳೆಯ ತೊಂದರೆಯೇ ಮರಳುತ್ತದೆ. ಹಣ ವ್ಯರ್ಥವಾಯಿತು, ಕಾರಣವೂ ತಿಳಿಯಲಿಲ್ಲ.

ಇಂತಹ ತೊಂದರೆಗಳಲ್ಲಿ ಅನೇಕಕ್ಕೆ ಮೂಲ, ಎರಡು ಲೋಹಗಳು ಕೂಡುವ ಸ್ಥಳದಲ್ಲಿ ಸೇರಿಕೊಂಡ ಅತ್ಯಲ್ಪ ರೋಧ. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಲೆಕ್ಕಕ್ಕೆ ಸಿಕ್ಕುತ್ತದೆ. ಜರ್ಮನಿಯ ಅಧ್ಯಾಪಕ ಓಮನು ೧೮೨೭ರಲ್ಲಿ ಪ್ರಕಟಿಸಿದ ನಿಯಮ ಮತ್ತು ಒಂದು ಸಾಧಾರಣ ವೋಲ್ಟ್‌ಮೀಟರು ನಮ್ಮ ಬಳಿಯಿದ್ದರೆ ಅದನ್ನು ಮನೆಯಲ್ಲಿಯೇ ಪತ್ತೆಹಚ್ಚಬಹುದು.

ಮರೆತುಹೋಗುವ ಅರ್ಧ ದಾರಿ

ವಿದ್ಯುತ್ತು ಹರಿಯಬೇಕಾದರೆ ಮಂಡಲವು ಪೂರ್ಣವಾಗಿರಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಮನೆಯ ದೀಪಕ್ಕೆ ಎರಡು ತಂತಿಗಳು ಬರುತ್ತವೆ. ಹಳೆಯ ಕಾರಿನಲ್ಲಿಯಾದರೋ ಅನೇಕ ದೀಪಗಳಿಗೆ ಹೋಗುವುದು ಒಂದೇ ತಂತಿ. ಹಾಗಾದರೆ ವಿದ್ಯುತ್ತು ಹಿಂದಿರುಗುವ ದಾರಿ ಯಾವುದು? ಕಾರಿನ ಉಕ್ಕಿನ ಮೈಯೇ ಆ ದಾರಿ. ಬ್ಯಾಟರಿಯ ಒಂದು ಧ್ರುವವನ್ನು ದಪ್ಪ ತಂತಿಯಿಂದ ಮೈಗೆ ಬಿಗಿದಿರುತ್ತಾರೆ. ಇದನ್ನೇ ಮೆಕ್ಯಾನಿಕ್ಕರು ‘ಅರ್ತ್’ ಎನ್ನುವುದು. ಕಾಲಕೆಳಗಿನ ಭೂಮಿಗೂ ಇದಕ್ಕೂ ಸಂಬಂಧವಿಲ್ಲ. ಹೀಗೆ ಬಿಗಿಯುವುದು ಸಾಮಾನ್ಯವಾಗಿ ಋಣಧ್ರುವವನ್ನು. ಬಹು ಹಳೆಯ ಬ್ರಿಟಿಷ್ ಕಾರುಗಳು ಹಲವುಗಳಲ್ಲಿ ಧನಧ್ರುವವನ್ನು ಬಿಗಿಯುತ್ತಿದ್ದುದರಿಂದ, ಕೈಹಾಕುವ ಮೊದಲು ಇದನ್ನು ನೋಡಿಕೊಳ್ಳುವುದು ಅಗತ್ಯ.

ಎಂಜಿನ್ನು ಕೂತಿರುವುದು ರಬ್ಬರಿನ ದಿಂಬುಗಳ ಮೇಲೆ. ರಬ್ಬರು ಅವಾಹಕ. ಆದುದರಿಂದ ಎಂಜಿನ್ನಿಗೂ ಕಾರಿನ ಮೈಗೂ ನಡುವೆ ತಾಮ್ರದ ಹೆಣೆದ ಪಟ್ಟಿಯೊಂದನ್ನು ಹಾಕಿರುತ್ತಾರೆ. ಅದು ತುಕ್ಕು ಹಿಡಿದು ಕಡಿದರೆ, ಸ್ಟಾರ್ಟರಿನ ಭಾರಿ ಪ್ರವಾಹವು ಸಿಕ್ಕಿದ ದಾರಿಯಿಂದ ನುಗ್ಗಲು ನೋಡುತ್ತದೆ. ಸ್ಟಾರ್ಟರನ್ನು ತಿರುಗಿಸಿದಾಗ ಚೋಕಿನ ತಂತಿಯೋ ಆಕ್ಸಿಲರೇಟರಿನ ತಂತಿಯೋ ಬಿಸಿಯಾದರೆ, ಈ ಪಟ್ಟಿಯ ಮೇಲೆಯೇ ಮೊದಲು ಸಂಶಯಪಡಬೇಕು.

ಅಲ್ಪ ರೋಧದ ದೊಡ್ಡ ಪರಿಣಾಮ

ಒಂದು ಲೆಕ್ಕವನ್ನು ಮಾಡಿ ನೋಡೋಣ. ೧೨ ವೋಲ್ಟಿನಲ್ಲಿ ಉರಿಯುವ ೪೫ ವಾಟಿನ ಮುಂದೀಪವು ಸೆಳೆಯುವ ಪ್ರವಾಹ ೩.೭೫ ಆಂಪಿಯರು. ನಿಂತ ಎಂಜಿನ್ನನ್ನು ತಿರುಗಿಸಬೇಕಾದ ಸ್ಟಾರ್ಟರು ಸೆಳೆಯುವುದು ಸುಮಾರು ೧೫೦ ಆಂಪಿಯರು. ಈಗ ಬ್ಯಾಟರಿಯ ಕ್ಲಾಂಪಿನಲ್ಲಿ ಕಿಲುಬು ಸೇರಿ ೦.೦೨ ಓಮಿನಷ್ಟು ರೋಧ ಉಂಟಾಗಿದೆಯೆಂದು ಭಾವಿಸೋಣ. ದೀಪವನ್ನು ಹಾಕಿದಾಗ ಅಲ್ಲಿ ನಷ್ಟವಾಗುವುದು ೩.೭೫ × ೦.೦೨, ಎಂದರೆ ೦.೦೭೫ ವೋಲ್ಟು. ದೀಪದ ಬೆಳಕಿನಲ್ಲಿ ವ್ಯತ್ಯಾಸವೇ ಕಾಣದು. ಸ್ಟಾರ್ಟರನ್ನು ಒತ್ತಿದಾಗ ನಷ್ಟವಾಗುವುದು ೧೫೦ × ೦.೦೨, ಎಂದರೆ ೩ ವೋಲ್ಟು. ಬ್ಯಾಟರಿಯ ಒತ್ತಡದ ಕಾಲು ಭಾಗ ಕ್ಲಾಂಪಿನಲ್ಲಿಯೇ ಮುಗಿದರೆ ಸ್ಟಾರ್ಟರು ನರಳುವುದು ಸಹಜ.

ಆದುದರಿಂದ “ದೀಪಗಳು ಚೆನ್ನಾಗಿ ಉರಿಯುತ್ತಿವೆ, ತಂತಿಗಳೆಲ್ಲ ಸರಿಯಾಗಿವೆ” ಎಂಬ ತರ್ಕ ನಿಲ್ಲುವುದಿಲ್ಲ. ಅಲ್ಲದೆ ಆ ಕಳೆದ ವಿದ್ಯುತ್ತು ಎಲ್ಲಿಗೆ ಹೋಯಿತು? ಶಾಖವಾಯಿತು. ೧೫೦ ಆಂಪಿಯರಿನ ವರ್ಗವನ್ನು ೦.೦೨ರಿಂದ ಗುಣಿಸಿದರೆ ೪೫೦ ವಾಟು! ಆರೆಂಟು ಸೆಕೆಂಡು ಸ್ಟಾರ್ಟರನ್ನು ತಿರುಗಿಸಿ ನಿಲ್ಲಿಸಿದ ಬಳಿಕ ಕ್ಲಾಂಪುಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿದರೆ, ದೋಷವುಳ್ಳದ್ದು ತಾನಾಗಿಯೇ ತಿಳಿಸುತ್ತದೆ.

ಅಳೆಯುವ ಕ್ರಮ

ರೋಧವನ್ನು ಓಮ್‌ಮೀಟರಿನಿಂದ ನೇರವಾಗಿ ಅಳೆಯಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಧಾರಣ ಮೀಟರಿನ ತಂತಿಗಳ ರೋಧವೇ ೦.೦೨ ಓಮಿಗಿಂತ ಹೆಚ್ಚಿರುತ್ತದೆ. ಮೇಲಾಗಿ, ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದ ತಂತಿಯೂ ಮೀಟರಿನ ಅಲ್ಪ ಪ್ರವಾಹವನ್ನು ಸಲೀಸಾಗಿ ಸಾಗಿಸುತ್ತದೆ. ದೋಷವು ಹೊರಬೀಳುವುದು ಭಾರಿ ಪ್ರವಾಹ ಹರಿಯುವಾಗ; ಆಗಲೇ ಅಳೆಯಬೇಕು.

ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕೈಬ್ರೇಕನ್ನು ಎಳೆದು, ಇಗ್ನಿಷನ್ ಕಾಯಿಲಿಗೆ ಬ್ಯಾಟರಿಯ ಕಡೆಯಿಂದ ಬರುವ ಸಣ್ಣ ತಂತಿಯನ್ನು ಬಿಚ್ಚಿಟ್ಟರೆ ಪೆಟ್ರೋಲ್ ಎಂಜಿನ್ನು ತಿರುಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಬಿಚ್ಚಿದ ತುದಿ ಲೋಹಕ್ಕೆ ತಗುಲದಂತೆ ಸುತ್ತಿಡಬೇಕು. ಒಬ್ಬರು ಒಳಗೆ ಕುಳಿತು ಸ್ಟಾರ್ಟರನ್ನು ಮೂರು ನಾಲ್ಕು ಸೆಕೆಂಡು ತಿರುಗಿಸುತ್ತಿರುವಾಗ ಇನ್ನೊಬ್ಬರು ಅಳೆಯಲಿ.

ಮೊದಲು, ಏನನ್ನೂ ಹಾಕದಿರುವಾಗ ಬ್ಯಾಟರಿಯನ್ನು ನೋಡಬೇಕು. ಅದರಲ್ಲಿರುವ ಆರು ಕೋಶಗಳು ಒಂದೊಂದೂ ೨.೧ ವೋಲ್ಟಿನಂತೆ ಒಟ್ಟು ಸುಮಾರು ೧೨.೬ ವೋಲ್ಟನ್ನು ತೋರಿಸಿದರೆ ಬ್ಯಾಟರಿ ತುಂಬಿದೆ. ೧೨ ವೋಲ್ಟಿಗೆ ಇಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆಯೆಂದೇ ಅರ್ಥ. ಮೊದಲು ಚಾರ್ಜು ಮಾಡಿಸಬೇಕು. ತುಂಬಿದ ಬ್ಯಾಟರಿಯೂ ಸ್ಟಾರ್ಟರು ತಿರುಗುವಾಗ ೯.೬ ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲಿನ ಸಂಶಯ ನ್ಯಾಯವಾದದ್ದು.

ಎರಡನೆಯದಾಗಿ, ಸ್ಟಾರ್ಟರು ತಿರುಗುವಾಗ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಸೀಸದ ಗೂಟಕ್ಕೂ ಇನ್ನೊಂದನ್ನು ಆ ಗೂಟವನ್ನು ಅಪ್ಪಿರುವ ಕ್ಲಾಂಪಿಗೂ ಮುಟ್ಟಿಸಬೇಕು. ಮೀಟರು ಸೊನ್ನೆಯ ಬಳಿಯಲ್ಲಿಯೇ ಇರಬೇಕು. ಮೂರನೆಯದಾಗಿ, ಅರ್ತ್ ಮಾಡಿದ ಗೂಟದಿಂದ ಎಂಜಿನ್ನಿನ ಶುಭ್ರವಾದ ಲೋಹಕ್ಕೆ ಅಳೆಯಬೇಕು. ನಾಲ್ಕನೆಯದಾಗಿ, ಇನ್ನೊಂದು ಗೂಟದಿಂದ ಸ್ಟಾರ್ಟರಿನ ದಪ್ಪ ತಂತಿಯ ಕೊನೆಯವರೆಗೆ. ಈ ಕೊನೆಯೆರಡರಲ್ಲಿ ಯಾವುದಾದರೂ ಅರ್ಧ ವೋಲ್ಟಿಗೂ ಮೀರಿದರೆ ದೋಷವು ಆ ದಾರಿಯಲ್ಲಿದೆ. ಬಳಿಕ ಆ ದಾರಿಯನ್ನೇ ತುಂಡುತುಂಡಾಗಿ ಅಳೆಯುತ್ತ ಹೋದರೆ ಕೆಟ್ಟ ಕೂಡಿಕೆ ಕೈಗೆ ಸಿಕ್ಕುತ್ತದೆ.

ಸಿಕ್ಕಿದ ಮೇಲೆ ಮಾಡಬೇಕಾದುದು ಸರಳ. ಕೂಡಿಕೆಯನ್ನು ಬಿಚ್ಚಿ, ಲೋಹ ಹೊಳೆಯುವಂತೆ ಮರಳುಕಾಗದದಿಂದ ಉಜ್ಜಿ, ಬಿಗಿಯಾಗಿ ಜೋಡಿಸಿ, ಮೇಲೆ ವ್ಯಾಸಲೀನ್ ಸವರಬೇಕು. ಬ್ಯಾಟರಿಯ ಕ್ಲಾಂಪಿನ ಮೇಲೆ ಬೂದುಬಿಳಿಯ ಅಥವಾ ಹಸಿರುನೀಲಿಯ ಪುಡಿ ಕಂಡರೆ ಅದು ಗಂಧಕಾಮ್ಲದ ಕೆಲಸ. ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾ ಆ ಆಮ್ಲವನ್ನು ನೊರೆಗರೆಸಿ ತಟಸ್ಥಗೊಳಿಸುತ್ತದೆ. ಆ ನೀರು ಬ್ಯಾಟರಿಯ ಕೋಶಗಳೊಳಗೆ ಮಾತ್ರ ಇಳಿಯಕೂಡದು.

ದಾರಿ ತಪ್ಪಿದ ವಿದ್ಯುತ್ತು

ಬ್ರೇಕನ್ನು ಒತ್ತಿದಾಗ ಮುಂದಿನ ಫಲಕದ ಪುಟ್ಟ ದೀಪಗಳು ಮಂಕಾಗಿ ಬೆಳಗುವ ವಿಚಿತ್ರವನ್ನು ಕೆಲವರು ಕಂಡಿರಬಹುದು. ಇದಕ್ಕೂ ಅರ್ತಿನ ದೋಷವೇ ಕಾರಣವಾಗಿರಬಹುದು. ಹಿಂಬದಿಯ ಒಂದೇ ಬಲ್ಬಿನೊಳಗೆ ಎರಡು ತಂತುಗಳಿರುತ್ತವೆ: ಬ್ರೇಕಿಗೆ ೨೧ ವಾಟಿನದು, ರಾತ್ರಿಯ ಕೆಂಪು ದೀಪಕ್ಕೆ ೫ ವಾಟಿನದು. ಎರಡಕ್ಕೂ ಹಿಂದಿರುಗುವ ದಾರಿ ಬಲ್ಬಿನ ಲೋಹದ ಬುಡ. ಆ ಬುಡದ ಅರ್ತ್ ತುಕ್ಕಿನಿಂದ ಕಡಿದರೆ, ಬ್ರೇಕಿನ ತಂತುವಿನಿಂದ ಬಂದ ವಿದ್ಯುತ್ತು ಪಕ್ಕದ ಸಣ್ಣ ತಂತುವಿನ ಮೂಲಕ ಹಿಮ್ಮುಖವಾಗಿ ಹರಿದು, ಅದೇ ತಂತಿಗೆ ಸೇರಿದ ಇತರ ಸಣ್ಣ ದೀಪಗಳನ್ನು ಹಾದು ಮೈಯನ್ನು ಸೇರುತ್ತದೆ. ಬಲ್ಬಿನ ಬುಡದಿಂದ ಕಾರಿನ ಶುಭ್ರವಾದ ಲೋಹಕ್ಕೆ ಒಂದು ತುಂಡು ತಂತಿಯನ್ನು ಮುಟ್ಟಿಸಿದೊಡನೆ ಈ ಚೇಷ್ಟೆ ನಿಂತರೆ ನಮ್ಮ ಊಹೆ ಸರಿಯೆಂದು ಸಿದ್ಧವಾಯಿತು.

ಇನ್ನು ಮತ್ತೆ ಮತ್ತೆ ಸುಡುವ ಫ್ಯೂಸಿನ ವಿಚಾರ. ಅದರ ಸ್ಥಾನದಲ್ಲಿ ದಪ್ಪ ತಾಮ್ರದ ತಂತಿಯನ್ನು ಕಟ್ಟುವುದು ಕಾರಿಗೆ ಬೆಂಕಿ ಹಚ್ಚುವ ಸಿದ್ಧತೆ. ಆಗ ಫ್ಯೂಸಿನ ಬದಲು ಗೋಡೆಯ ಹಿಂದಿನ ತಂತಿಗಳೇ ಕಾಯುತ್ತವೆ. ಆ ಮಂಡಲದ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಫ್ಯೂಸನ್ನು ತೆಗೆದು, ಅದರ ಎರಡು ತುದಿಗಳ ನಡುವೆ ೨೧ ವಾಟಿನ ಬಲ್ಬನ್ನು ಸೇರಿಸಬೇಕು. ಎಲ್ಲೋ ಸವೆದ ತಂತಿ ಮೈಗೆ ತಗುಲಿದ್ದರೆ ಬಲ್ಬು ಪೂರ್ಣವಾಗಿ ಬೆಳಗುತ್ತದೆ. ಆದರೆ ಅದರ ಮೂಲಕ ೧.೭೫ ಆಂಪಿಯರಿಗಿಂತ ಹೆಚ್ಚು ಹರಿಯಲಾರದಾದ್ದರಿಂದ ಅಪಾಯ ಕಡಿಮೆ. ಒಂದೊಂದೇ ಕವಲನ್ನು ಬಿಚ್ಚುತ್ತ ಹೋದರೆ, ಯಾವುದನ್ನು ಬಿಚ್ಚಿದಾಗ ಬಲ್ಬು ಆರುವುದೋ ಅಲ್ಲಿಯೇ ದೋಷ. ಕಂಡುಬಾರದಂತೆ ಸೋರುವ ಪ್ರವಾಹವನ್ನೂ ಅಲಕ್ಷಿಸಬಾರದು. ಮುಚ್ಚಳದೊಳಗೆ ಆರದೆ ಉಳಿದ ಆರು ವಾಟಿನ ದೀಪವು ಎರಡು ದಿನದಲ್ಲಿ ೨೪ ಆಂಪಿಯರ್-ಗಂಟೆಯನ್ನು ಕುಡಿಯುತ್ತದೆ. ೫೦ ಆಂಪಿಯರ್-ಗಂಟೆಯ ಬ್ಯಾಟರಿಗೆ ಇದು ಸುಮಾರು ಅರ್ಧದಷ್ಟು.

ಎಚ್ಚರಿಕೆಗಳು

೧೨ ವೋಲ್ಟಿನಿಂದ ಒಣಗಿದ ಕೈಗೆ ಆಘಾತವಾಗದು ಎಂಬುದು ನಿಜ. ಆದರೆ ಸ್ಪ್ಯಾನರು ಬ್ಯಾಟರಿಯ ಎರಡು ಧ್ರುವಗಳನ್ನು ಕೂಡಿಸಿದರೆ ನೂರಾರು ಆಂಪಿಯರು ಹರಿದು ಕ್ಷಣದಲ್ಲಿ ಕೆಂಪಗೆ ಕಾದೀತು. ಉಂಗುರ, ಲೋಹದ ಗಡಿಯಾರಗಳನ್ನು ತೆಗೆದಿಡಬೇಕು. ಬ್ಯಾಟರಿಯನ್ನು ಬಿಚ್ಚುವಾಗ ಅರ್ತ್ ತಂತಿಯನ್ನು ಮೊದಲು, ಜೋಡಿಸುವಾಗ ಕೊನೆಗೆ. ಅರ್ತ್ ಬಿಚ್ಚಿದ್ದರೆ, ಇನ್ನೊಂದು ಕ್ಲಾಂಪಿನ ಮೇಲಿರುವ ಸ್ಪ್ಯಾನರು ಮೈಗೆ ತಗುಲಿದರೂ ಮಂಡಲ ಪೂರ್ಣವಾಗುವುದಿಲ್ಲ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಕಡ್ಡಿ ಗೀರಿ ಒಳಗೆ ಇಣುಕುವುದು ಸ್ಫೋಟಕ್ಕೆ ಆಹ್ವಾನ. ಇಗ್ನಿಷನ್ ಕಾಯಿಲಿನ ದಪ್ಪ ತಂತಿಯಲ್ಲಿ ಸಹಸ್ರಾರು ವೋಲ್ಟುಗಳಿರುವುದರಿಂದ ಎಂಜಿನ್ನು ನಡೆಯುವಾಗ ಅದನ್ನು ಮುಟ್ಟಬಾರದು. ತಂತಿ ಸುಟ್ಟ ವಾಸನೆ ಬಂದರೆ ಅರ್ತನ್ನು ಬಿಚ್ಚಿ ನುರಿತವರನ್ನು ಕರೆಯುವುದೇ ವಿವೇಕ.

ನಮ್ಮ ವಿದ್ಯಾರ್ಥಿಗಳು ಓಮನ ನಿಯಮವನ್ನು ಪ್ರಯೋಗಶಾಲೆಯ ಮೇಜಿನ ಮೇಲೆ ಒಮ್ಮೆ ಪರೀಕ್ಷಿಸಿ ಅಂಕಗಳನ್ನು ಪಡೆದು ಮರೆಯುವುದುಂಟು. ಮನೆಯ ಹಳೆಯ ಕಾರಿನ ಮುಂದೆ ಮೀಟರು ಹಿಡಿದು ನಿಂತಾಗ ಅದೇ ನಿಯಮವು, ಯಾವ ಭಾಗವನ್ನು ಬದಲಾಯಿಸಬೇಕು, ಯಾವುದನ್ನು ಸುಮ್ಮನೆ ಉಜ್ಜಿ ಬಿಗಿದರೆ ಸಾಕು ಎಂಬುದನ್ನು ತಿಳಿಸುತ್ತದೆ. ಬದಲಾಯಿಸುವ ಮೊದಲು ಅಳೆಯುವ ಅಭ್ಯಾಸವನ್ನು ಅವರು ಬೆಳೆಸಿಕೊಂಡರೆ, ಕಾರಿನಾಚೆಗೂ ಅದು ಅವರ ಕೈಹಿಡಿಯುತ್ತದೆಂದು ನಾವು ನಂಬಿದ್ದೇವೆ.