ಉಣ್ಣೆ ಕೊಳ್ಳೋರಿಲ್ಲ, ಕತ್ತರಿಸೋಕೆ ಕೂಲಿ ನಾವೇ ಕೊಡ್ಬೇಕು: ಆದ್ರೂ ಕುರಿ ಉಣ್ಣೆ ಯಾಕೆ ತೆಗೆಸ್ಬೇಕು?

ಸಿ.ಎಸ್.ಪುರ: ತೆಂಗು, ರಾಗಿ ಜತೆಗೆ ಹತ್ತಿಪ್ಪತ್ತು ಕುರಿ ಸಾಕುವ ಮನೆಗಳಲ್ಲಿ ಉಣ್ಣೆ ಕತ್ತರಿಸುವ ದಿನ ಅಂದ್ರೆ ಹಿಂದೆ ಕೈಗೆ ಒಂದಿಷ್ಟು ಕಾಸು ಬರೋ ದಿನ. ಈಗ ಉಲ್ಟಾ. ಕತ್ತರಿಸುವವರಿಗೆ ಕುರಿಗೆ ಇಷ್ಟು ಅಂತ ಕೂಲಿ ಕೊಟ್ಟು, ಉಣ್ಣೆಯನ್ನು ತಿಪ್ಪೆಗೆ ಎಸೆಯುವ ಸ್ಥಿತಿ. ಹಾಗಾಗಿ ಈ ಸಲ ಬಿಟ್ಟುಬಿಡೋಣ ಅನ್ನೋರು ಜಾಸ್ತಿಯಾಗಿದ್ದಾರೆ.

ಬೆಲೆ ಯಾಕೆ ಬಿತ್ತು? ನಮ್ಮ ಕುರಿಗಳ ಉಣ್ಣೆ ಒರಟು. ಸ್ವೆಟರ್‌ಗೆ ಆಗಲ್ಲ, ಕಂಬಳಿಗೆ ಮಾತ್ರ ಸರಿ. ಆಸ್ಟ್ರೇಲಿಯಾದ ಮೆರಿನೋ ಕುರಿ ವರ್ಷಕ್ಕೆ ನಾಲ್ಕೈದು ಕಿಲೋ ನಯವಾದ ಉಣ್ಣೆ ಕೊಡುತ್ತೆ. ನಮ್ಮದು ಒಂದು ಕಿಲೋ ದಾಟೋದೇ ಕಷ್ಟ. ಅಂಗಡಿಯಲ್ಲಿ ಕಡಿಮೆ ರೇಟಿನ ರಗ್ಗು ಬಂದ ಮೇಲೆ ಕಂಬಳಿ ಕೊಳ್ಳೋರೂ ಕಡಿಮೆಯಾದರು. ಚಳ್ಳಕೆರೆ, ರಾಣೆಬೆನ್ನೂರಿನ ಮೇಡ್ಲೇರಿ ಕಡೆ ನೇಯ್ಗೆ ಹೆಸರುವಾಸಿ. ಬೀರದೇವರ ಪೂಜೆಗೆ ಇವತ್ತಿಗೂ ಕಂಬಳಿ ಗದ್ದುಗೆಯೇ ಬೇಕು. ಆದರೆ ಅಷ್ಟಕ್ಕೇ ಎಲ್ಲರ ಉಣ್ಣೆ ಖರ್ಚಾಗಲ್ಲ.

ಹಾಗಂತ ಬಿಟ್ಟರೆ ನಷ್ಟ ನಮಗೇ. ಉದ್ದ ಉಣ್ಣೆಯೊಳಗೆ ಉಣುಗು, ಹೇನು ಸೇರ್ಕೊಂಡು ರಕ್ತ ಹೀರ್ತವೆ. ಮಳೆಗಾಲದಲ್ಲಿ ಬಾಲದ ಸುತ್ತ ಹಿಕ್ಕೆ, ಗಂಜಲ ಮೆತ್ತಿಕೊಂಡು ನೊಣ ಮೊಟ್ಟೆ ಇಡುತ್ತೆ, ಹುಳ ಬೀಳುತ್ತೆ. ಒಳಗೆ ಗಾಯ ಆದ್ರೂ ಮೇಲೆ ಕಾಣಲ್ಲ. ಬಿಸಿಲಿಗೆ ಏದುಸಿರು ಬಿಟ್ಟು ಮೇವು ಕಡಿಮೆ ಮಾಡುತ್ತೆ. ತೂಕ ಇಳಿದರೆ ಸಂತೆಯಲ್ಲಿ ರೇಟು ಇಳಿದ ಹಾಗೇ. ಒಂದು ಕುರಿ ಸತ್ತರೆ ಹೋಗೋ ದುಡ್ಡಿನ ಮುಂದೆ ಕತ್ತರಿಸುವ ಕೂಲಿ ಏನೂ ಅಲ್ಲ.

ಕತ್ತರಿಸುವ ದಿನ ಗಮನಿಸಬೇಕಾದ್ದು ಇಷ್ಟು:

- ಒಣ ಹವೆಯ ದಿನ ನೋಡಿಕೊಳ್ಳಿ. ಉಣ್ಣೆ ಒದ್ದೆ ಇರಬಾರದು.
- ಹೊಟ್ಟೆ ತುಂಬಿದ ಕುರಿಯನ್ನು ಕೆಡವಿದರೆ ಉಸಿರು ಕಟ್ಟುತ್ತೆ. ಬೆಳಗ್ಗೆ ಮೇಯಿಸುವ ಮೊದಲೇ ಶುರು ಮಾಡಿ.
- ತುಂಬು ಗಬ್ಬದ ಕುರಿಯನ್ನು ಕೆಡವಬೇಡಿ, ಈದ ಮೇಲೆ ನೋಡಿಕೊಳ್ಳಿ.
- ಚರ್ಮ ಎಳೆದು ಹಿಡಿದು ಕತ್ತರಿ ಆಡಿಸಬೇಕು. ಕೆಚ್ಚಲು, ತೊಡೆಸಂದಿ ಹತ್ತಿರ ನಿಧಾನ.
- ಬೇರೆ ಮಂದೆಯಿಂದ ಬಂದ ಕತ್ತರಿಯನ್ನು ಕುದಿಯುವ ನೀರಿನಲ್ಲಿ ತೊಳೆಸಿ. ಗಾಯದಿಂದ ರೋಗ ಹರಡುತ್ತೆ.
- ಗಾಯ ಆದ್ರೆ ಕೂಡಲೇ ಟಿಂಚರ್ ಅಯೋಡಿನ್ ಹಚ್ಚಿ. ಆಳ ಇದ್ದರೆ ಪಶು ವೈದ್ಯರಿಗೆ ತೋರಿಸಿ, ಧನುರ್ವಾಯು ಭಯ ಇರುತ್ತೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಗೆ ಕರೆ ಮಾಡಬಹುದು.
- ಉಣುಗಿನ ಔಷಧಿ ಸ್ನಾನ ಅವತ್ತೇ ಬೇಡ. ಗಾಯ ಮಾಯ್ದ ಮೇಲೆ, ಕುರಿಗೆ ಮೊದಲು ನೀರು ಕುಡಿಸಿ, ವೈದ್ಯರು ಹೇಳಿದ ಅಳತೆಯಲ್ಲೇ ಮಾಡಿಸಿ.
- ಎರಡು ಮೂರು ದಿನ ಮಳೆ, ಸುಡುಬಿಸಿಲು ಎರಡೂ ತಾಗದಂತೆ ನೆರಳಲ್ಲಿಡಿ.

ಉಳಿದ ಉಣ್ಣೆಯನ್ನು ಸುಡಬೇಡಿ, ರಸ್ತೆ ಬದಿಗೂ ಎಸೆಯಬೇಡಿ. ಅದರಲ್ಲಿ ಸಾರಜನಕ ಇದೆ, ನೀರನ್ನೂ ಹಿಡಿದಿಡುತ್ತೆ. ಕೊಟ್ಟಿಗೆ ಗೊಬ್ಬರದ ಜತೆ ಸೇರಿಸಿ ತೆಂಗಿನ ಪಾತಿಯಲ್ಲಿ ಹೂತು ಮಣ್ಣು ಮುಚ್ಚಿದರೆ ನಿಧಾನಕ್ಕೆ ಕರಗಿ ಗೊಬ್ಬರವಾಗುತ್ತೆ. ಮಾರೋಕೆ ಆಗದಿದ್ದರೂ ನಮ್ಮ ತೋಟಕ್ಕಾದರೂ ಆಗಲಿ.