ಕೊನೆ ಗೊತ್ತಿರುವ ಸಿನಿಮಾ ಎರಡನೇ ಸಲ

ಕೊನೆಯ ಹತ್ತು ನಿಮಿಷದಲ್ಲಿ ಇಡೀ ಕಥೆಯನ್ನು ಬುಡಮೇಲು ಮಾಡುವ ಸಿನಿಮಾಗಳಿಗೆ ಒಂದು ತೊಡಕಿದೆ. ಒಮ್ಮೆ ಒಡೆದ ಗುಟ್ಟನ್ನು ಮತ್ತೆ ಮುಚ್ಚಿಡಲು ಬರುವುದಿಲ್ಲ. ಕೊಂದವರು ಯಾರು, ಹೆಣ ಎಲ್ಲಿದೆ, ಮುಖ ಕಾಣದ ಹುಡುಗಿಗೆ ಏನಾಯಿತು ಎಂದು ತಿಳಿದ ಮೇಲೆ ಎರಡೂವರೆ ಗಂಟೆ ಮತ್ತೆ ಕೂರುವುದೇಕೆ? ಆದರೂ ಇಂಥ ಕೆಲವು ಚಿತ್ರಗಳನ್ನು ಜನ ಟಿವಿಯಲ್ಲಿ ಬಂದಾಗಲೆಲ್ಲ ನೋಡುತ್ತಾರೆ, ಇನ್ನು ಕೆಲವನ್ನು ಒಂದೇ ಸಲಕ್ಕೆ ಮರೆತುಬಿಡುತ್ತಾರೆ. ಈ ವ್ಯತ್ಯಾಸದ ಕಾರಣ ತಿಳಿಯಲು ಹಿಂದೂಪುರ, ಕಲ್ಯಾಣದುರ್ಗದ ಸೀಮೆ ಒಳ್ಳೆಯ ಜಾಗ. (ಮುಂದೆ ಹೆಸರಿಸಿದ ಹಲವು ಚಿತ್ರಗಳ ಅಂತ್ಯವನ್ನು ಇಲ್ಲಿ ಬಿಟ್ಟುಕೊಡಲಾಗಿದೆ.)

ಹಿಂದೂಪುರ ಈಗ ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿ ಉಳಿದಿದೆ. ಹಿಂದೂಪುರದಿಂದ ದಕ್ಷಿಣಕ್ಕೆ ಹೋದರೆ ಗೌರಿಬಿದನೂರು. ಹಿಂದೂಪುರ, ಕಲ್ಯಾಣದುರ್ಗಗಳ ನಡುವೆ ಆಂಧ್ರದೊಳಕ್ಕೆ ಚಾಚಿಕೊಂಡಂತೆ ಕರ್ನಾಟಕದ ಪಾವಗಡ. ಮಡಕಶಿರಾ, ಅಮರಾಪುರಂ, ರೊಳ್ಳದ ಕಡೆ ಕನ್ನಡ ಮನೆಮಾತಾಗಿರುವ ಕುಟುಂಬಗಳು ಬೇಕಾದಷ್ಟಿವೆ. ಕನ್ನಡ, ತೆಲುಗು ಎರಡೂ ಬಲ್ಲವರಿಗೆ ಎರಡೂ ಭಾಷೆಯ ಸಿನಿಮಾ ಕೈಗೆಟುಕುವ ದೂರದಲ್ಲೇ ಇದೆ. ಸಿನಿಮಾ ನಂಟಂತೂ ರಾಜಕೀಯದವರೆಗೆ ಹಬ್ಬಿದೆ: ಹಿಂದೂಪುರ ವಿಧಾನಸಭಾ ಕ್ಷೇತ್ರವನ್ನು ಹಿಂದೆ ಎನ್.ಟಿ. ರಾಮರಾವ್ ಪ್ರತಿನಿಧಿಸಿದ್ದರು, 2014ರಿಂದ ಅವರ ಮಗ ನಂದಮೂರಿ ಬಾಲಕೃಷ್ಣ ಪ್ರತಿನಿಧಿಸುತ್ತಿದ್ದಾರೆ. ಇಂಥ ಗಡಿಯಲ್ಲಿ ಒಂದೇ ಕಥೆ, ಅದೇ ತಿರುವಿನೊಡನೆ, ಎರಡು ಭಾಷೆಯಲ್ಲಿ ಎರಡು ಸಲ ಎದುರಾಗುತ್ತದೆ. ರೀಮೇಕ್ ನೋಡುವುದೂ ಒಂದು ಬಗೆಯಲ್ಲಿ ಮರುವೀಕ್ಷಣೆಯೇ.

2014ರಲ್ಲಿ ಇದು ಎದ್ದು ಕಾಣುವಂತೆ ನಡೆಯಿತು. ಮಲಯಾಳಂನ ‘ದೃಶ್ಯಂ’ 2013ರ ಡಿಸೆಂಬರ್‌ನಲ್ಲಿ ಬಂದಿತ್ತು. ಪಿ. ವಾಸು ನಿರ್ದೇಶನದಲ್ಲಿ ರವಿಚಂದ್ರನ್ ಅಭಿನಯಿಸಿದ ಕನ್ನಡದ ‘ದೃಶ್ಯ’ ಮರುವರ್ಷ ಜೂನ್‌ನಲ್ಲಿ ತೆರೆಕಂಡರೆ, ಶ್ರೀಪ್ರಿಯಾ ನಿರ್ದೇಶಿಸಿ ವೆಂಕಟೇಶ್ ನಟಿಸಿದ ತೆಲುಗಿನ ‘ದೃಶ್ಯಂ’ ಜುಲೈನಲ್ಲಿ ಬಂತು. ಕನ್ನಡದ್ದನ್ನು ನೋಡಿ ಕೆಲವೇ ವಾರಗಳಲ್ಲಿ ತೆಲುಗಿನದಕ್ಕೆ ಹೋದವರಿಗೆ ನಾಯಕ ಬಚ್ಚಿಟ್ಟ ಹೆಣ ಎಲ್ಲಿದೆ ಎಂಬುದು ಮೊದಲೇ ಗೊತ್ತು: ಪೊಲೀಸರು ಊರೆಲ್ಲ ಅಗೆದು ಹುಡುಕುತ್ತಿರುವುದು ಅವರದೇ ಹೊಸ ಠಾಣೆಯ ನೆಲದಡಿ ಇದೆ. ಮೊದಲ ಸಲ ಪ್ರೇಕ್ಷಕರು ‘ಸಿಕ್ಕಿಬೀಳುತ್ತಾರೋ ಇಲ್ಲವೋ’ ಎಂದು ಉಸಿರು ಬಿಗಿಹಿಡಿಯುತ್ತಾರೆ. ಎರಡನೇ ಸಲ ಕಣ್ಣು ಕಸುಬಿನ ಮೇಲೆ ಹೋಗುತ್ತದೆ. ನಾಯಕ ಕುಟುಂಬವನ್ನು ಕರೆದುಕೊಂಡು ಹೋಗಿ ಬಸ್ಸಿನ ಟಿಕೆಟ್, ಹೋಟೆಲಿನ ಬಿಲ್, ಸಿನಿಮಾ ಟಿಕೆಟ್ ಜೋಡಿಸಿಕೊಳ್ಳುತ್ತಾನೆ. ಕಂಡಕ್ಟರ್, ಹೋಟೆಲಿನವನನ್ನು ಮತ್ತೆ ಭೇಟಿಯಾಗಿ ಒಂದು ತಾರೀಕನ್ನು ಅವರ ತಲೆಯಲ್ಲಿ ನಯವಾಗಿ ಕೂರಿಸುತ್ತಾನೆ. ಸುಳ್ಳು ಸಾಕ್ಷಿ ಹೇಳಿ ಎಂದು ಯಾರನ್ನೂ ಕೇಳುವುದಿಲ್ಲ, ಅವರ ನೆನಪನ್ನೇ ಬದಲಿಸುತ್ತಾನೆ. ಕಟ್ಟಡ ಕೆಲಸ ನಡೆದಿರುವ ಠಾಣೆಯೂ ಆರಂಭದಿಂದ ಕಣ್ಣೆದುರಿಗೇ ಇರುತ್ತದೆ. ಅವನಿಗೆ ಈ ಬುದ್ಧಿ ಬಂದದ್ದೂ ಸಿನಿಮಾದಿಂದಲೇ: ಕೇಬಲ್ ಟಿವಿ ನಡೆಸುವ ಅವನು ರಾತ್ರಿಯೆಲ್ಲ ಕೂತು ಸಿನಿಮಾ ನೋಡುವವನು.

ತಿರುವುಗಳಲ್ಲಿ ಎರಡು ಬಗೆ ಇವೆ. ಒಂದು, ಪ್ರಶ್ನೆಗೆ ಉತ್ತರ ಕೊಡುವ ತಿರುವು. ಐದಾರು ಮಂದಿಯಲ್ಲಿ ಕೊಲೆಗಾರ ಯಾರು ಎಂದು ಹೇಳಿ ಅದು ಮುಗಿಯುತ್ತದೆ. ಆ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರೂ ಹಿಂದಿನ ದೃಶ್ಯಗಳಿಗೆ ಹೆಚ್ಚೇನೂ ಆಗುವುದಿಲ್ಲ. ಇನ್ನೊಂದು, ಈಗಾಗಲೇ ನೋಡಿದ ದೃಶ್ಯಗಳ ಅರ್ಥವನ್ನೇ ಬದಲಿಸುವ ತಿರುವು. ಇದರಲ್ಲಿ ಉತ್ತರ ಸಿಕ್ಕಿದೊಡನೆ ಹಿಂದಿನ ಪ್ರತಿ ಮಾತು, ಪ್ರತಿ ನೋಟ ಬೇರೆಯಾಗುತ್ತದೆ. ಮೊದಲನೆಯದನ್ನು ಇನ್ನೊಮ್ಮೆ ನೋಡಿದರೆ ಉಳಿಯುವುದು ನಟನೆ, ಹಾಡು, ಛಾಯಾಗ್ರಹಣ. ಎರಡನೆಯದರಲ್ಲಿ ಕಥೆಯೇ ಹೊಸದಾಗಿ ಸಿಗುತ್ತದೆ.

ಸುನಿಲ್ ಕುಮಾರ್ ದೇಸಾಯಿ ಅವರ ‘ಬೆಳದಿಂಗಳ ಬಾಲೆ’ (1995) ಎರಡನೇ ಬಗೆಯದು. ಇದು ತೆಲುಗು ಕಾದಂಬರಿಕಾರ ಯಂಡಮೂರಿ ವೀರೇಂದ್ರನಾಥ್ ಅವರ ‘ವೆನ್ನೆಲ್ಲೋ ಆಡಪಿಲ್ಲ’ವನ್ನು ಆಧರಿಸಿದ್ದು. ಚೆಸ್ ಆಟಗಾರ ರೇವಂತನಿಗೆ (ಅನಂತನಾಗ್) ಅಪರಿಚಿತ ಹೆಣ್ಣೊಬ್ಬಳು ಫೋನ್ ಮಾಡಿ, ಗಡುವಿನೊಳಗೆ ತನ್ನನ್ನು ಹುಡುಕುವಂತೆ ಸವಾಲು ಹಾಕುತ್ತಾಳೆ. ಅವಳ ಮುಖ ಪ್ರೇಕ್ಷಕರಿಗೂ ಕಾಣುವುದಿಲ್ಲ, ಧ್ವನಿ ಮಾತ್ರ. ಮೊದಲ ನೋಟಕ್ಕೆ ಅದು ಜಾಣೆಯೊಬ್ಬಳ ಚೆಲ್ಲಾಟ. ಅವಳು ಮಾರಕ ಕಾಯಿಲೆಯವಳು ಎಂದು ಕೊನೆಗೆ ತಿಳಿಯುತ್ತದೆ. ಎರಡನೇ ಸಲ ಕೇಳುವಾಗ ಅದೇ ನಗು, ಅದೇ ಒಗಟು, ಅದೇ ಫೋನು; ಆದರೆ ಆಟದ ನಿಯಮದಂತೆ ಕೇಳಿಸಿದ್ದ ಗಡುವು ಈಗ ಅವಳ ಆಯುಸ್ಸಿನ ಲೆಕ್ಕವಾಗಿ ಕೇಳಿಸುತ್ತದೆ. ಮುಖ ತೋರಿಸದೆ ಇದ್ದದ್ದು ಕುತೂಹಲಕ್ಕಾಗಿ ಎಂದುಕೊಂಡವರಿಗೆ ಅದರ ಇನ್ನೊಂದು ಕಾರಣವೂ ಹೊಳೆಯುತ್ತದೆ.

ಗಡಿಸೀಮೆಯವರಿಗೆ ಇನ್ನೂ ಹತ್ತಿರದ ಚಿತ್ರ ‘ಆಪ್ತಮಿತ್ರ’ (2004). ಪಿ. ವಾಸು ನಿರ್ದೇಶನ, ದ್ವಾರಕೀಶ್ ನಿರ್ಮಾಣ, ವಿಷ್ಣುವರ್ಧನ್ ನಾಯಕ. ಇದರ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’. ಹಳೆಯ ಬಂಗಲೆಯ ಬೀಗ ಹಾಕಿದ ಕೋಣೆ, ನರ್ತಕಿ ನಾಗವಲ್ಲಿಯ ಕಥೆ, ಮನೆಯ ಇನ್ನೊಬ್ಬ ಹೆಣ್ಣಿನ ಮೇಲೆ ಅನುಮಾನ. ನಾಗವಲ್ಲಿಯಾಗಿ ಮಾರ್ಪಡುತ್ತಿರುವುದು ಸೊಸೆ ಗಂಗಾ ಎಂಬುದು ಕೊನೆಗೆ ಬಯಲಾಗುತ್ತದೆ. ಎರಡನೇ ಸಲ ನೋಡುವವರು ಗಂಗಾಳನ್ನು ಬಿಟ್ಟು ಬೇರೆ ಯಾರನ್ನೂ ನೋಡುವುದಿಲ್ಲ: ಆ ಕೋಣೆಯ ಮೇಲಿನ ಅವಳ ಸೆಳೆತ, ಕಥೆ ಕೇಳುವಾಗ ಅವಳಲ್ಲಿ ಮೂಡುವ ತನ್ಮಯತೆ, ಒಮ್ಮೆಲೇ ಬಿಗಿಯಾಗುವ ದನಿ. ಕನ್ನಡ ಚಿತ್ರದಲ್ಲಿ ನಾಗವಲ್ಲಿ ಮಾತಾಡುವುದು ತೆಲುಗು. ತೆಲುಗು ಅರಿಯದ ಪ್ರೇಕ್ಷಕರಿಗೆ ಅದು ಗಂಗಾಳ ಬಾಯಿಂದ ಬರುವ ಬೇರೊಬ್ಬರ ನುಡಿ, ಅದಕ್ಕೇ ಮೈ ನಡುಗಿಸುತ್ತದೆ. ಹಿಂದೂಪುರ, ಮಡಕಶಿರಾದ ಪ್ರೇಕ್ಷಕರಿಗೆ ಆ ಮಾತು ಪರಕೀಯವಲ್ಲ. ‘ರಾ ರಾ’ ಹಾಡು ಪ್ರಿಯಕರನನ್ನು ಕರೆಯುವುದು ಪದಪದವಾಗಿ ಅರ್ಥವಾಗುವುದರಿಂದ ಭಯದ ಪಕ್ಕದಲ್ಲೇ ಮರುಕವೂ ಹುಟ್ಟುತ್ತದೆ. ಗಂಗಾಳ ಪಾತ್ರ ಮಾಡಿದ ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು, ತೆಲುಗಿನಲ್ಲಿ ದೊಡ್ಡ ಹೆಸರು ಮಾಡಿದವರು. ಅವರು ಏಪ್ರಿಲ್ 2004ರಲ್ಲಿ ಬೆಂಗಳೂರಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ.

ತಿರುವು ನ್ಯಾಯವಾಗಿದೆಯೇ ಎಂಬುದನ್ನೂ ಎರಡನೇ ವೀಕ್ಷಣೆ ಪರೀಕ್ಷಿಸುತ್ತದೆ. ಮನೋಜ್ ನೈಟ್ ಶ್ಯಾಮಲನ್ ಅವರ ‘ದಿ ಸಿಕ್ಸ್ತ್ ಸೆನ್ಸ್’ (1999) ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ. ಹೋಟೆಲಿನಲ್ಲಿ ತಡವಾಗಿ ಬಂದ ಗಂಡ ಮಾತಾಡುತ್ತಲೇ ಇರುತ್ತಾನೆ, ಹೆಂಡತಿ ಉತ್ತರಿಸದೆ ಎದ್ದು ಹೋಗುತ್ತಾಳೆ. ಮೊದಲ ಸಲ ಅದು ಮುನಿಸು. ಗಂಡ ಸತ್ತಿದ್ದಾನೆ ಎಂದು ತಿಳಿದ ಮೇಲೆ, ಅವಳು ಒಬ್ಬಳೇ ಕೂತು ಊಟ ಮುಗಿಸಿದ್ದಳು ಎಂದು ಗೊತ್ತಾಗುತ್ತದೆ. ನಿರ್ದೇಶಕ ಸುಳ್ಳು ಹೇಳಿಲ್ಲ, ಪ್ರೇಕ್ಷಕರೇ ತಪ್ಪಾಗಿ ಓದಿದ್ದರು. ಇದಕ್ಕೆ ವಿರುದ್ಧವಾಗಿ, ಸುಳಿವನ್ನೇ ಕೊಡದೆ ಕೊನೆಗೆ ಹೊಸ ಪಾತ್ರವನ್ನು ತಂದು ನಿಲ್ಲಿಸುವ, ಅವಳಿ ಸೋದರನನ್ನು ಸೃಷ್ಟಿಸುವ, ಎಲ್ಲವೂ ಕನಸೆಂದು ಕೈತೊಳೆದುಕೊಳ್ಳುವ ಸಿನಿಮಾಗಳ ಬಣ್ಣ ಎರಡನೇ ನೋಟದಲ್ಲಿ ಬಯಲಾಗುತ್ತದೆ.

ಮರುವೀಕ್ಷಣೆ ಬೇಡುವ ಇನ್ನೊಂದು ಬಗೆಯೂ ಇದೆ. ಉಪೇಂದ್ರರ ‘ಎ’ (1998) ಘಟನೆಗಳನ್ನು ಹಿಂದುಮುಂದಾಗಿ ಹರಡಿತು. ಒಂದು ಸಲಕ್ಕೆ ಬಿಡಿಸಲಾಗದೆ ಮತ್ತೆ ಹೋಗಿ ನೋಡಿದವರು ಅನೇಕರು. ಅದು ತೆಲುಗಿಗೂ ಡಬ್ ಆಯಿತು. ಇಲ್ಲಿ ಎರಡನೇ ಸಲದ ಕೆಲಸ ಕಥೆಯನ್ನು ಜೋಡಿಸಿಕೊಳ್ಳುವುದೇ ಆಗಿರುತ್ತದೆ.

ಗುಟ್ಟು ಗೊತ್ತಾದರೆ ರುಚಿ ಕೆಡುತ್ತದೆಯೇ ಎಂಬುದನ್ನು ಮನಶ್ಶಾಸ್ತ್ರಜ್ಞರೂ ಪರಿಶೀಲಿಸಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಜೊನಾಥನ್ ಲೆವಿಟ್ ಮತ್ತು ನಿಕೋಲಸ್ ಕ್ರಿಸ್ಟೆನ್‌ಫೆಲ್ಡ್ 2011ರಲ್ಲಿ 12 ಸಣ್ಣಕಥೆಗಳನ್ನು ಇಟ್ಟುಕೊಂಡು ಪ್ರಯೋಗ ನಡೆಸಿದರು. ಅಂತ್ಯವನ್ನು ಮೊದಲೇ ತಿಳಿದು ಓದಿದವರು ಸರಾಸರಿಯಲ್ಲಿ ಕಥೆಯನ್ನು ಹೆಚ್ಚು ಮೆಚ್ಚಿದ್ದು ಕಂಡುಬಂತು. ನಂತರದ ಕೆಲವು ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿದೆ, ಆದ್ದರಿಂದ ಇದನ್ನೇ ಕೊನೆಯ ಮಾತೆನ್ನಲಾಗದು. ಆಲ್‌ಫ್ರೆಡ್ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿಸಿದ್ದರು. ಆದರೂ ಅವರ ವಾದ ಬೇರೆಯೇ ಇತ್ತು: ಮೇಜಿನ ಕೆಳಗೆ ಬಾಂಬಿದೆ ಎಂದು ಪ್ರೇಕ್ಷಕರಿಗೆ ತಿಳಿಸದಿದ್ದರೆ ಸ್ಫೋಟದ ಕ್ಷಣದಲ್ಲಿ ಮಾತ್ರ ಬೆಚ್ಚಿಬೀಳುತ್ತಾರೆ, ತಿಳಿಸಿದರೆ ಅದಕ್ಕೆ ಮುಂಚಿನ ಅಷ್ಟೂ ಹೊತ್ತು ಚಡಪಡಿಸುತ್ತಾರೆ. ತಿರುವಿನ ಸಿನಿಮಾವನ್ನು ಎರಡನೇ ಸಲ ನೋಡುವವರು ಆ ಬಾಂಬನ್ನು ಕಂಡವರು.

ಕೊನೆ ಗೊತ್ತಿದ್ದೇ ನೋಡುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದ ವೀರಭದ್ರ ದೇವಾಲಯದ ಛಾವಣಿಯಲ್ಲಿ ಕಿರಾತಾರ್ಜುನೀಯದ ಚಿತ್ರಗಳಿವೆ. ಒಂದೇ ಹಂದಿಗೆ ಇಬ್ಬರ ಬಾಣ, ಬೇಟೆಗಾರನೊಡನೆ ಅರ್ಜುನನ ಜಗಳ, ಕೊನೆಗೆ ಆ ಬೇಟೆಗಾರನೇ ಶಿವ. ಕಥೆಯ ತಿರುವು ಎಷ್ಟು ದೊಡ್ಡದೋ ಅಷ್ಟೇ ಹಳೆಯದು, ಅದನ್ನು ಅರಿಯದೆ ಆ ಚಿತ್ರಗಳ ಕೆಳಗೆ ನಿಂತವರು ಕಡಿಮೆ. ಅರ್ಜುನ ತಾನು ಯಾರನ್ನು ಹೊಡೆಯುತ್ತಿದ್ದೇನೆಂದು ತಿಳಿಯದೆ ಹೊಡೆಯುವುದನ್ನು ತಿಳಿದವರು ನೋಡುವುದೇ ಅದರ ಸೊಗಸು. ಧರ್ಮಾವರದ ಬಳಿಯ ನಿಮ್ಮಲಕುಂಟ ತೊಗಲುಗೊಂಬೆಗೆ ಹೆಸರಾದ ಊರು. ಅಲ್ಲಿನ ಕಲಾವಿದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ರಾವಣ ಸಾಯುತ್ತಾನೆಂದು ಗೊತ್ತಿದ್ದೂ ಜನ ಬೆಳಗಿನವರೆಗೆ ಗೊಂಬೆಯಾಟದ ಮುಂದೆ ಕೂರುತ್ತಿದ್ದರು. ಏನಾಗುತ್ತದೆ ಎನ್ನುವುದಕ್ಕಿಂತ ಹೇಗೆ ಆಡಿಸುತ್ತಾರೆ ಎನ್ನುವುದು ಅವರಿಗೆ ಮುಖ್ಯವಾಗಿತ್ತು.

ಹಾಗೆಂದು ತಿರುವಿನ ಸಿನಿಮಾಗಳೆಲ್ಲ ಮತ್ತೊಮ್ಮೆ ನೋಡಲು ಯೋಗ್ಯವೆಂದಲ್ಲ. ಪರೀಕ್ಷೆ ಸುಲಭ. ಕೊನೆ ತಿಳಿದ ಮೇಲೆ ಮೊದಲ ಅರ್ಧಗಂಟೆಯ ಯಾವುದಾದರೂ ಒಂದು ದೃಶ್ಯ ಬೇರೆ ಅರ್ಥದಲ್ಲಿ ನೆನಪಾಗುತ್ತಿದ್ದರೆ ಆ ಸಿನಿಮಾಕ್ಕೆ ಎರಡನೇ ಸಲದ ಯೋಗ್ಯತೆ ಇದೆ. ಕೊಲೆಗಾರನ ಹೆಸರೊಂದೇ ನೆನಪಿನಲ್ಲಿ ಉಳಿದಿದ್ದರೆ ಒಂದು ಸಲ ನೋಡಿದ್ದು ಸಾಕು. ಎರಡನೇ ಸಲ ನೋಡುವಾಗ ನಾಯಕನನ್ನು ಬಿಟ್ಟು ಗುಟ್ಟು ಹೊತ್ತ ಪಾತ್ರವನ್ನು ಹಿಂಬಾಲಿಸಬೇಕು. ಎರಡು ಭಾಷೆ ಬಲ್ಲವರು ರೀಮೇಕನ್ನೂ ನೋಡಿದರೆ ಹೋಲಿಕೆ ಪುಕ್ಕಟೆ. ಪಕ್ಕದಲ್ಲಿ ಮೊದಲ ಸಲ ನೋಡುತ್ತಿರುವವರಿದ್ದರೆ ಮಾತ್ರ ಬಾಯಿ ಮುಚ್ಚಿಕೊಂಡು ನೋಡಬೇಕು.